ದೇವರ ಫೋಟೊದ ಗಾಜು

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಫೋಟೊಗೆ ಗಾಜಿಲ್ಲ. ಶಿವಪಾರ್ವತಿಯರು ನಂದಿಯ ಪಕ್ಕ ಕೂತಿರುವ ಫೋಟೊ ಅದು. ನನ್ನ ಮದುವೆಯಲ್ಲಿ ತವರಿನಿಂದ ಬಂದದ್ದು. ಚೌಕಟ್ಟು ಇದೆ, ಹಿಂದಿನ ರಟ್ಟು ಇದೆ, ಮೊಳೆಗೆ ಹಾಕುವ ದಾರವೂ ಇದೆ. ಗಾಜು ಮಾತ್ರ ಇಲ್ಲ. ಅರಿಶಿನ ಕುಂಕುಮಕ್ಕೆ ಬರುವ ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

"ಒಡ್ದೋಯ್ತೇನ್ರೀ? ಬೇರೆ ಹಾಕ್ಸಬಾರ್ದಾ?" ಎಂದು ಕೇಳುತ್ತಾರೆ.

"ಒಡ್ದಿಲ್ಲ ಕಣ್ರೀ, ಕಾಲೇಜಿಗೆ ಹೋಗೈತೆ" ಎನ್ನುತ್ತೇನೆ.

ಅವರು ನನ್ನ ಮುಖವನ್ನೇ ನೋಡುತ್ತಾರೆ. ನಾನು ಕಾಫಿ ಲೋಟ ಕೈಗಿಟ್ಟು ಮಾತು ಬದಲಿಸುತ್ತೇನೆ. ಗಾಜು ಕಾಲೇಜಿಗೆ ಹೋದ ಕಥೆ ಒಂದು ಲೋಟ ಕಾಫಿಯಲ್ಲಿ ಮುಗಿಯುವುದಲ್ಲ. ನಿಮಗಾದರೆ ಹೇಳಬಹುದು. ನೀವು ಬಸ್ಸು ಹೋದೀತು ಎಂದು ಎದ್ದು ನಿಲ್ಲುವವರಲ್ಲ.

ಗಾಜಿದ್ದ ಕಾಲದಲ್ಲಿ ಅದನ್ನು ಒರೆಸುವುದು ನನ್ನ ಸೋಮವಾರದ ಸೇವೆ. ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಅದಕ್ಕೆಂದೇ ಎತ್ತಿಟ್ಟಿದ್ದೆ. ದೇವರ ಕೆಲಸಕ್ಕೆ ಹತ್ತಿಗಿಂತ ರೇಷ್ಮೆ ಮೇಲು ಎಂಬುದು ನನ್ನ ಲೆಕ್ಕ. ತಿಕ್ಕಿ ತಿಕ್ಕಿ ಒರೆಸಿ ಕೈ ತೆಗೆಯುವುದೇ ತಡ, ಊದುಬತ್ತಿಯ ಬೂದಿ, ಬತ್ತಿ ಹೊಸೆದ ಹತ್ತಿಯ ಎಳೆ, ಎಲ್ಲ ಹಾರಿಬಂದು ಗಾಜಿಗೆ ಅಂಟಿಕೊಳ್ಳುತ್ತಿದ್ದವು. ನನ್ನ ಭಕ್ತಿಯಲ್ಲೇ ಏನೋ ಕೊರೆ ಇರಬೇಕೆಂದು ಇನ್ನೂ ಜೋರಾಗಿ ತಿಕ್ಕುತ್ತಿದ್ದೆ. ಧೂಳೂ ಇನ್ನೂ ಜೋರಾಗಿ ಬರುತ್ತಿತ್ತು.

ಇದನ್ನು ಬಾಗಿಲಲ್ಲಿ ನಿಂತು ನೋಡಿ ನಕ್ಕವಳು ಸವಿತ, ನನ್ನ ಸೊಸೆ. ಆಗ ಅವಳು ಮದುವೆಯಾಗಿ ಬಂದ ಹೊಸತು.

"ಅತ್ತೆ, ಗಾಜನ್ನ ರೇಷ್ಮೆಯಿಂದ ಉಜ್ಜೋದು ನಮ್ಮ ಪುಸ್ತಕದ ಮೊದಲನೇ ಪಾಠ. ನೀವು ಇಷ್ಟು ವರ್ಷದಿಂದ ಅದೇ ಪ್ರಯೋಗ ಮಾಡ್ತಾ ಇದೀರ."

ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ ಎಂದಳು. ಒರೆಸಿದೆ. ಧೂಳು ಹಾರಿಬರಲಿಲ್ಲ. ನನ್ನ ಭಕ್ತಿಗೆ ಏನೂ ಆಗಿರಲಿಲ್ಲ ಎಂದು ಅಷ್ಟು ವರ್ಷದ ಮೇಲೆ ಗೊತ್ತಾದದ್ದು ಸಣ್ಣ ಸಮಾಧಾನವಲ್ಲ. ರೇಷ್ಮೆಯ ತುಂಡನ್ನು ಗಂಟೆಯ ಕೆಳಗೆ ಹಾಸಿಬಿಟ್ಟೆ.

ಧೂಳಿನ ಮಾತು ಬಂದಾಗ ನನಗೆ ಕಂಬಳಿಯ ನೆನಪಾಗುತ್ತದೆ. ನನ್ನ ತವರು ಯಗಟಿ. ನಮ್ಮ ಪಕ್ಕದ ಮನೆಯವರದು ಕುರಿಯ ಮಂದೆ. ಅವರಿಂದ ಕೊಂಡ ಕರೀ ಕಂಬಳಿಯೊಳಗೆ ನಾವು ಮಕ್ಕಳೆಲ್ಲ ಒಟ್ಟಿಗೆ ಮಲಗುತ್ತಿದ್ದೆವು. ಚಳಿಗಾಲದಲ್ಲಿ ನಸುಕಿಗೇ ಎದ್ದ ಅಜ್ಜಿ ಕಂಬಳಿಯನ್ನು ಒಂದೇ ಸಲಕ್ಕೆ ಸೆಳೆದಾಗ ಚಟಚಟ ಸದ್ದಾಗಿ ಸಣ್ಣ ಸಣ್ಣ ಕಿಡಿ ಕಾಣುತ್ತಿತ್ತು.

"ಅಜ್ಜೀ, ಕಂಬ್ಳಿ ಒಳ್ಗೆ ಬೆಂಕಿ ಐತೆ."

"ಕುರಿ ಬಿಸ್ಲಲ್ಲಿ ಮೇದಿತ್ತಲ್ಲೇ, ಆ ಬಿಸ್ಲು ಈಗ ಈಚೆ ಬತ್ತೈತೆ. ಏಳು, ಕಸ ಗುಡ್ಸು."

ಇದನ್ನು ನಾನು ನಿಜವೆಂದೇ ನಂಬಿ ಬೆಳೆದೆ. ನಂಬಿಕೊಂಡೇ ಅಜ್ಜಂಪುರಕ್ಕೆ ಸೊಸೆಯಾಗಿ ಬಂದೆ. ಸವಿತಳಿಗೆ ಹೇಳಿದಾಗ ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, "ತಪ್ಪು ಅತ್ತೆ, ಆದ್ರೆ ಚೆನ್ನಾಗಿದೆ" ಎಂದಳು. ನಮ್ಮಜ್ಜಿಯ ವಿಜ್ಞಾನಕ್ಕೆ ಅಷ್ಟಾದರೂ ಅಂಕ ಸಿಕ್ಕಿತು.

ಸವಿತಳ ತವರು ಬುಕ್ಕಾಂಬುಧಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನನ್ನ ಮಗ ನಾಗರಾಜನದು ಬಸ್‌ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ. ಇಷ್ಟು ಓದಿದ ಹುಡುಗಿ ನಮ್ಮ ಮನೆಗೆ ಒಪ್ಪಿದ್ದೇ ಶಿವನ ದಯೆ ಎಂದು ನಾನು ಅಂದುಕೊಂಡರೆ, ಇಷ್ಟು ಓದಿದವಳು ರೊಟ್ಟಿ ತಟ್ಟಿಯಾಳೇ ಎಂದು ನಮ್ಮ ಯಜಮಾನರಿಗೆ ಚಿಂತೆ. ಅವಳು ರೊಟ್ಟಿ ತಟ್ಟುವ ಮೊದಲು ಫ್ಯಾನು ರಿಪೇರಿ ಮಾಡಿದಳು.

ನಮ್ಮ ನಡುಮನೆಯ ಫ್ಯಾನಿಗೆ ಒಂದು ರೋಗವಿತ್ತು. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಉದ್ದನೆಯ ಪೊರಕೆಯ ಹಿಡಿಯಿಂದ ರೆಕ್ಕೆಗೆ ಒಂದು ತಟ್ಟು ಕೊಟ್ಟರೆ ತಾನಾಗಿ ಓಡುತ್ತಿತ್ತು. ಯಾರಾದರೂ ಬಂದರೆ "ಕೂತ್ಕಳ್ಳಿ" ಎನ್ನುತ್ತಲೇ ನಾನು ಪೊರಕೆ ಎತ್ತಿಕೊಳ್ಳುತ್ತಿದ್ದೆ. ಗೊತ್ತಿಲ್ಲದ ನೆಂಟರು ಬಾಗಿಲ ಕಡೆ ನೋಡಿಕೊಂಡದ್ದೂ ಉಂಟು. ಸವಿತ ಅಂಗಡಿಯಿಂದ ಒಂದು ಹೊಸ ಕಂಡೆನ್ಸರ್ ತರಿಸಿ, ಹಸಿರು ಬಳೆಯ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿದಳು.

"ಮೇನ್ ಆಫ್ ಮಾಡಿದ್ಯೇನಮ್ಮಾ?" ಎಂದರು ಯಜಮಾನರು, ಗೋಡೆಗೆ ಆತುಕೊಂಡು.

"ಮಾಡಿದೀನಿ ಮಾವ. ನೀವು ಸ್ಟೂಲ್ ಹಿಡ್ಕೊಳ್ಳಿ."

ಆಮೇಲೆ ಹಳೆಯ ಕಂಡೆನ್ಸರನ್ನು ಬಿಡಿಸಿ ನನಗೆ ತೋರಿಸಿದಳು. ಒಳಗೆ ಸುರುಳಿ ಸುತ್ತಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬೆಳ್ಳಿಯಂಥ ಲೋಹದ ಲೇಪ.

"ಕರೆಂಟು ಈ ಪ್ಲಾಸ್ಟಿಕ್ಕನ್ನ ದಾಟಿ ಹೋಗಲ್ಲ ಅತ್ತೆ. ಹಂಗಂತ ಪ್ಲಾಸ್ಟಿಕ್ಕು ಸುಮ್ನೆ ಕೂತಿರೋದೂ ಇಲ್ಲ. ಇರೋ ಜಾಗದಲ್ಲೇ ಕೆಲಸ ಮಾಡುತ್ತೆ."

"ಹೊಸ್ಲು ದಾಟಲ್ಲ, ಸುಮ್ನೆ ಕೂರೋದೂ ಇಲ್ಲ. ಹಂಗಾದ್ರೆ ಅದು ನಾನೇ ಬಿಡು" ಎಂದೆ. ಅವತ್ತಿನಿಂದ ನಾವಿಬ್ಬರೂ ಒಂದು ಪಕ್ಷವಾದೆವು.

ಇಷ್ಟು ತಿಳಿದವಳಿಗೆ ಒಂದೇ ಒಂದು ಕೊರತೆ. ನಾಲ್ಕು ಜನರ ಮುಂದೆ ನಿಂತರೆ ಮಾತು ಬರುತ್ತಿರಲಿಲ್ಲ. ಕಡೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡಿ ತೋರಿಸಲು ಕರೆದಿದ್ದರು. ಅವಳು ಓದಿದ್ದೆಲ್ಲ ಇಂಗ್ಲಿಷು, ಎದುರಿಗೆ ಕೂತ ಮಕ್ಕಳದು ಕನ್ನಡ. ಬೋರ್ಡಿನ ಮೇಲೆ ಚಿತ್ರ ಬರೆದಳಂತೆ, ತಿರುಗಿ ನಿಂತಳಂತೆ, ಅಷ್ಟೇ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರಂತೆ. ಮನೆಗೆ ಬಂದವಳು ಪುಸ್ತಕಗಳನ್ನು ಅಕ್ಕಿ ಮೂಟೆ ಕಟ್ಟುವ ಹಾಗೆ ಕಟ್ಟಿ ಅಟ್ಟಕ್ಕೆ ಹಾಕಿದಳು. "ಗೊತ್ತು ಅತ್ತೆ, ಎಲ್ಲಾ ಗೊತ್ತು. ಬಾಯಿಗೆ ಬರಲ್ಲ" ಎಂದಳು.

ಆಮೇಲೆ ಮಗು ಹುಟ್ಟಿತು. ಗೌರಿ. ಅವಳಿಗೆ ಹಲ್ಲು ಬರುವ ಹೊತ್ತಿಗೆ ತರೀಕೆರೆಯ ಒಂದು ಖಾಸಗಿ ಪಿ.ಯು. ಕಾಲೇಜಿನಿಂದ ಫೋನು ಬಂತು. ಮಂಗಳವಾರ ಬಂದು ಒಂದು ಪಾಠ ಮಾಡಿ ತೋರಿಸಿ, ಹಿಡಿಸಿದರೆ ನೋಡೋಣ ಎಂದರು. ಪಾಠ ಇದೇ ಕಂಡೆನ್ಸರಿನದು. ಲೋಹದ ಎರಡು ಹಾಳೆಗಳ ನಡುವೆ ಗಾಜಿನಂಥ ವಸ್ತು ಇಟ್ಟರೆ ಏನಾಗುತ್ತದೆ ಎಂಬುದು. ಅವಳು ನಾಗರಾಜನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಇದೊಂದು ಸಲ ನೋಡ್ತೀನಿ. ಇದೂ ಹೋದ್ರೆ ಪುಸ್ತಕ ಯಾರಿಗಾದ್ರೂ ಕೊಟ್ಬಿಡೋಣ. ಅಟ್ಟದ ಮೇಲಿದ್ರೆ ಕಣ್ಣಿಗೆ ಬೀಳ್ತಾನೇ ಇರ್ತವೆ."

ಮಾರನೇ ಬೆಳಿಗ್ಗೆ ರೊಟ್ಟಿಯ ಹಿಟ್ಟು ಕಲಸುತ್ತಾ, "ನಂಗೇ ಪಾಠ ಮಾಡಮ್ಮ. ನಂಗೆ ತಿಳಿದ್ರೆ ಯಾವ ಮಕ್ಕಳಿಗೂ ತಿಳೀತೈತೆ" ಎಂದೆ.

ಅವಳು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಶುರುಮಾಡಿದಳು. ತಂತಿಯಂಥ ಲೋಹದಲ್ಲಿ ವಿದ್ಯುತ್ತಿನ ಕಣಗಳು ಎಲ್ಲಿಗೆ ಬೇಕಾದರೂ ಓಡಬಲ್ಲವು. ಗಾಜಿನೊಳಗೂ ಕಣಗಳಿವೆ, ಆದರೆ ಅವು ತಮ್ಮ ತಮ್ಮ ಅಣುವಿಗೆ ಕಟ್ಟುಬಿದ್ದವು. ಹೊರಗಿನಿಂದ ಸೆಳೆತ ಬಂದರೆ ಜಾಗ ಬಿಡುವುದಿಲ್ಲ, ಒಂದು ಕಡೆಗೆ ಒಂದಿಷ್ಟು ವಾಲುತ್ತವೆ. ಎಲ್ಲವೂ ಒಟ್ಟಿಗೆ ವಾಲಿದಾಗ ಗಾಜಿನ ಎರಡು ಮೈಗಳಲ್ಲಿ ಮಾತ್ರ ಅದರ ಗುರುತು ಕಾಣುತ್ತದೆ.

"ನಡುವೆ ಇರೋವು ಏನಾದ್ವು?" ಎಂದೆ.

"ಅವೂ ವಾಲಿರ್ತವೆ. ಆದ್ರೆ ಒಂದರದ್ದು ಇನ್ನೊಂದು ಅಳಿಸಿಬಿಡುತ್ತೆ."

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ನನ್ನ ಕಣ್ಣ ಮುಂದೆ ಯಗಟಿಯ ಪಕ್ಕದ ಮನೆಯ ಹಿತ್ತಲು ಬಂದಿತ್ತು. ಅಲ್ಲಿ ಮೇಯಲು ಹೋಗಲಾರದ ಎಳೆಯ ಮರಿಗಳನ್ನು ಸಾಲು ಸಾಲಾಗಿ ಗೂಟಕ್ಕೆ ಕಟ್ಟುತ್ತಿದ್ದರು. ದಿನವೆಲ್ಲ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು ಬಿದ್ದಿರುತ್ತಿದ್ದವು. ಸಾಯಂಕಾಲ ಮಂದೆ ಊರಬಾಗಿಲಿಗೆ ಬಂದು ತಾಯಿಕುರಿಗಳ ದನಿ ಕೇಳಿತೋ, ಅಷ್ಟೂ ಮರಿಗಳು ಎದ್ದು ಆ ಕಡೆಗೇ ಜಗ್ಗುತ್ತಿದ್ದವು. ಹಗ್ಗ ಬಿಗಿಯಾಗುತ್ತಿತ್ತು, ಗೂಟ ಬಿಟ್ಟು ಒಂದೂ ಹೋಗುತ್ತಿರಲಿಲ್ಲ. ಬಾಗಿಲ ಕಡೆಯಿಂದ ನೋಡಿದರೆ ಬರೀ ಮುಖ. ಹಿಂದಿನ ಬೇಲಿಯ ಕಡೆಯಿಂದ ನೋಡಿದರೆ ಬರೀ ಬಾಲ. ನಡುವೆ ಒಂದರ ಬಾಲಕ್ಕೆ ಇನ್ನೊಂದರ ಮುಖ.

ಇದನ್ನು ಹೇಳಿದೆ. ಸವಿತ ಮಗುವಿನ ಬಾಯಿಂದ ತನ್ನ ಸೆರಗು ಬಿಡಿಸುವುದನ್ನೂ ಮರೆತು ಕೂತಳು.

"ಕುರಿ ದನಿ ಅಂದ್ರೆ ಹಾಳೆ ಮೇಲಿನ ಚಾರ್ಜಿನ ಸೆಳೆತ," ಎಂದು ತನಗೆ ತಾನೇ ಹೇಳಿಕೊಂಡಳು. "ಮರಿಗಳು ತಿರುಗಿ ಕೂಗಿದ್ರೆ ಕುರಿಗಳ ಗಲಾಟೆ?"

"ಕಮ್ಮಿ ಆಯ್ತದೆ. ಮರಿ ದನಿ ಕೇಳಿದ್ರೆ ತಾಯಿ ನೂಕಾಡಲ್ಲ."

"ನೂಕಾಟ ಕಮ್ಮಿ ಆದ್ರೆ ಬಾಗಿಲ ಹತ್ರ ಇನ್ನೂ ಒಂದಷ್ಟು ಕುರಿ ನಿಲ್ಬೋದು. ಗಾಜು ಇಟ್ರೆ ಹಾಳೆ ಮೇಲೆ ಜಾಸ್ತಿ ಚಾರ್ಜು ಹಿಡಿಯೋದು ಹಂಗೇ." ನಕ್ಕಳು. "ಪೂರ್ತಿ ಸರಿ ಅಲ್ಲ ಅತ್ತೆ. ಕುರಿ ಲೆಕ್ಕದಲ್ಲಿ ಪರೀಕ್ಷೆ ಬರೆಯೋಕಾಗಲ್ಲ. ಆದ್ರೆ ಬಾಗಿಲಿಗೆ ಸಾಕು, ಒಳಗೆ ನಾನು ಕರ್ಕೊಂಡು ಹೋಗ್ತೀನಿ."

ರೊಟ್ಟಿ ಒಂದು ಕಡೆ ಸೀದಿತ್ತು. ಅದನ್ನು ನಾನೇ ತಿಂದೆ, ರುಚಿಯಾಗಿಯೇ ಇತ್ತು.

ಪಾಠಕ್ಕೆ ತೋರಿಸಲು ನಾಗರಾಜ ಅಂಗಡಿಯ ಅಲ್ಯೂಮಿನಿಯಂ ಶೀಟಿನಲ್ಲಿ ಎರಡು ಹಾಳೆ ಕತ್ತರಿಸಿ ತಂದ. ಅಳೆಯುವ ಮೀಟರೂ ಅಂಗಡಿಯಲ್ಲಿತ್ತು. ಬೇಕಾದದ್ದು ಸಮತಟ್ಟಾದ ತೆಳು ಗಾಜು. ಊರಿನ ಗಾಜಿನ ಅಂಗಡಿಯವನು ನೆಂಟರ ಮದುವೆಗೆಂದು ಪಕ್ಕದ ಶಿವನಿ ಊರಿಗೆ ಹೋಗಿದ್ದ. ಸವಿತ ಕಿಟಕಿ ನೋಡಿದಳು, ಬೀರುವಿನ ಕನ್ನಡಿ ನೋಡಿದಳು. ದೇವರ ಗೂಡಿನ ಕಡೆ ನೋಡಿ ತಟ್ಟನೆ ಕಣ್ಣು ತಗ್ಗಿಸಿದಳು. ನಾನೇ ಫೋಟೊ ಇಳಿಸಿ, ಹಿಂದಿನ ಮೊಳೆ ಮಡಿಸಿ ಗಾಜು ತೆಗೆದು ಕೊಟ್ಟೆ.

"ಏನೇ ಇದು, ಶಿವನ ಮುಂದಿನ ಗಾಜು ತೆಗ್ದು ಕರೆಂಟಿಗೆ ಹಿಡೀತೀರಾ?" ಎಂದರು ಯಜಮಾನರು.

"ಶಿವ ಬಿಸ್ಲು ಮಳೆ ಎಲ್ಲಾ ಕಂಡೋನು. ಎರ್ಡು ದಿನ ಗಾಜಿಲ್ದಿದ್ರೆ ಶೀತ ಆಗಲ್ಲ" ಎಂದೆ. ಅವರು ಪೇಪರು ಎತ್ತಿಕೊಂಡರು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಒಳ್ಳೆಯ ಕೆಲಸಕ್ಕೆ ಹೊಸಿಲು ದಾಟುವ ಯಾವುದಕ್ಕೇ ಆಗಲಿ ಮೂರು ಬೆರಳಿನ ವಿಭೂತಿ ಎಳೆಯಬೇಕು. ಅಂಗಡಿಯ ಹೊಸ ತಕ್ಕಡಿಗೆ ಎಳೆದಿದ್ದೇನೆ, ಮಗನ ಪರೀಕ್ಷೆಯ ಪೆನ್ನಿಗೆ ಎಳೆದಿದ್ದೇನೆ, ಗೌರಿಯ ಲಸಿಕೆಯ ಕಾರ್ಡಿಗೂ ಎಳೆದಿದ್ದೇನೆ. ಮಂಗಳವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಸವಿತಳ ಸಾಮಾನು ಮೇಜಿನ ಮೇಲೆ ಸಿದ್ಧವಾಗಿತ್ತು. ಕೆಳಗೊಂದು ಹಾಳೆ, ಮೇಲೊಂದು ಹಾಳೆ, ನಡುವೆ ಶಿವನ ಗಾಜು, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಹಿಡಿಸಿಟ್ಟಿದ್ದಳು. ಮೇಲೆ ಎಳೆದರೆ ಕಾಲೇಜಿನಲ್ಲಿ ಎಲ್ಲರಿಗೂ ಕಂಡು ಮೊದಲೇ ನಾಚುವ ಹುಡುಗಿ ಇನ್ನೂ ಕುಗ್ಗಿಯಾಳು ಎಂದು, ಯಾರಿಗೂ ಕಾಣದ ಹಾಗೆ ಅಂಚಿಗೆ ಎಳೆದೆ. ತೀರ್ಥದಲ್ಲಿ ಗಟ್ಟಿಯಾಗಿ ಕಲಸಿದ ವಿಭೂತಿ. ಮೇಲಿನ ಹಾಳೆಯಿಂದ ಕೆಳಗಿನ ಹಾಳೆಯವರೆಗೆ ಚೆನ್ನಾಗಿ ಕೂತಿತು. ಒಣಗುವ ಮೊದಲೇ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿಗಿಟ್ಟೆ.

ಮಗು ಇನ್ನೂ ತಾಯಿಯ ಹಾಲು ಕುಡಿಯುವುದರಿಂದ ಅದನ್ನು ಎತ್ತಿಕೊಂಡು ನಾನೂ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗು ದಾರಿಯುದ್ದಕ್ಕೂ ಮಲಗಿತು. ಇಂಥವನ್ನೆಲ್ಲ ನಾನು ಸುಮ್ಮನೆ ಬಿಡುವವಳಲ್ಲ, ಒಂದೊಂದಕ್ಕೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕಾಲೇಜಿನಲ್ಲಿ ನನ್ನನ್ನು ವರಾಂಡದ ಬೆಂಚಿನ ಮೇಲೆ, ತರಗತಿಯ ಕಿಟಕಿಯ ಪಕ್ಕ ಕೂರಿಸಿದರು. ಒಳಗೆ ಹುಡುಗ ಹುಡುಗಿಯರು ತುಂಬಿದ್ದರು. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರೂ, ನಿವೃತ್ತಿಯ ಹತ್ತಿರ ಬಂದಿದ್ದ ಭೌತಶಾಸ್ತ್ರದ ಮೇಷ್ಟ್ರೂ ಕೂತಿದ್ದರು. ಸವಿತ ಹಾಳೆಗಳನ್ನು ಮೇಜಿನ ಮೇಲಿಟ್ಟು ಮೀಟರಿನ ತಂತಿ ಸಿಕ್ಕಿಸಿದಳು. ಹುಬ್ಬು ಗಂಟಾಯಿತು. ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದಳು. ಮೀಟರಿನಲ್ಲಿ ಅಂಕಿ ನಿಲ್ಲುತ್ತಿಲ್ಲ ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು. ಬೋರ್ಡಿಗೆ ತಿರುಗಿದಳು, ಮತ್ತೆ ಈ ಕಡೆ ತಿರುಗಿದಳು. ತುಟಿ ಅಲುಗಿತು, ಮಾತಿಲ್ಲ. ಕಡೂರಿನಲ್ಲಿ ಆದದ್ದು ಹೀಗೆಯೇ ಇರಬೇಕು ಎಂದು ನನಗೆ ಅರ್ಥವಾಯಿತು. ಒಳಗೆ ಯಾರೋ ಕೆಮ್ಮಿದರು. ಅಟ್ಟದ ಮೇಲಿನ ಪುಸ್ತಕದ ಗಂಟು ನನ್ನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಗೌರಿಗೆ ಎಚ್ಚರವಾಯಿತು. ಎಚ್ಚರವಾದವಳು ಕಿಟಕಿಯಲ್ಲಿ ಅಮ್ಮನನ್ನು ಕಂಡಳು. ಕಂಡಮೇಲೆ ಕೇಳಬೇಕೆ, ಇಡೀ ಕಾಲೇಜಿಗೆ ಕೇಳುವ ಹಾಗೆ ಅಳಲು ಹಿಡಿದಳು. ನಾನು ಎದ್ದು ದೂರ ಹೋಗೋಣವೆಂದರೆ ಅವಳು ಕಿಟಕಿಯ ಸರಳು ಹಿಡಿದುಬಿಟ್ಟಿದ್ದಳು.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಸವಿತ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ನಿಂತಿದ್ದಳು. ಕಾಲು ಕದಲಿರಲಿಲ್ಲ, ಆದರೆ ಮೈ ಪೂರಾ ನಮ್ಮ ಕಡೆಗೆ ವಾಲಿತ್ತು. ಅದು ಅವಳಿಗೇ ಗೊತ್ತಾಯಿತು ಎಂದು ಕಾಣುತ್ತದೆ. ತನ್ನ ಕೈ ನೋಡಿಕೊಂಡಳು, ಕಾಲು ನೋಡಿಕೊಂಡಳು. ಆಮೇಲೆ ಮಾತು ಬಂತು, ನಮ್ಮ ಅಡುಗೆಮನೆಯಲ್ಲಿ ಬರುತ್ತಿದ್ದ ಹಾಗೆಯೇ.

"ಹೊರಗೆ ಅಳ್ತಿರೋದು ನನ್ನ ಮಗಳು. ನಾನೀಗ ಈ ಮೇಜು ಬಿಟ್ಟು ಹೋಗೋ ಹಾಗಿಲ್ಲ. ನಾನು ನಿಂತ ಜಾಗದಲ್ಲೇ ಇದೀನಾ?"

"ಇದೀರ ಮೇಡಂ."

"ಹಾಗಾದ್ರೆ ನನಗೇನೂ ಆಗಿಲ್ವಾ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಆ ಕಡೆ ವಾಲಿದೀರ ಮೇಡಂ" ಎಂದಳು.

"ಗಾಜಿನ ಒಳಗೆ ಆಗೋದೂ ಇಷ್ಟೇ" ಎಂದಳು ಸವಿತ.

ಮರಿಗಳು ಬಂದವು, ಗೂಟ ಬಂತು, ಮುಖ ಬಾಲ ಎಲ್ಲ ಬಂತು. ಹುಡುಗರು ನಕ್ಕರು, ಆದರೆ ಅದು ಕೇಳಿಸಿಕೊಳ್ಳುವವರ ನಗು. ಹೇಳುತ್ತಾ ಹೇಳುತ್ತಾ ಹಾಳೆಗಳನ್ನು ಎತ್ತಿ ತೋರಿಸಲು ಹೋದವಳು ಅಂಚು ನೋಡಿ ನಿಂತಳು. ಅಲ್ಲಿಂದ ನೇರವಾಗಿ ನನ್ನ ಮುಖ ನೋಡಿದಳು. ನಾನು ಮಗುವಿನ ಹಿಂದೆ ಮುಖ ಮರೆಸಿಕೊಂಡೆ.

"ಇದು ನಮ್ಮತ್ತೆ ಹಚ್ಚಿದ ವಿಭೂತಿ" ಎಂದಳು, ಹಾಳೆಯ ಅಂಚನ್ನು ಎಲ್ಲರಿಗೂ ತೋರಿಸುತ್ತಾ. "ಇನ್ನೂ ಒದ್ದೆ ಇದೆ. ಈ ನೀರಲ್ಲಿ ಕರಗಿರೋ ಬೂದಿಯ ಕಣಗಳಿಗೆ ಗೂಟ ಇಲ್ಲ, ಹಗ್ಗ ಇಲ್ಲ. ಈ ಹಾಳೆಯಿಂದ ಆ ಹಾಳೆಗೆ ಓಡಾಡ್ತಾ ಇವೆ. ಅದಕ್ಕೇ ಮೀಟರ್‌ನಲ್ಲಿ ಅಂಕಿ ನಿಲ್ತಿಲ್ಲ. ಗಾಜು ಬೇರೆ, ಇದು ಬೇರೆ. ಈಗ ನೋಡಿ."

ಕ್ಲಿಪ್ಪು ಬಿಚ್ಚಿ, ಅಂಚನ್ನೆಲ್ಲ ಒರೆಸಿ, ಆ ಬೆರಳನ್ನು ಹಣೆಗೆ ಒತ್ತಿಕೊಂಡಳು. ಮೊದಲು ಗಾಜಿಲ್ಲದೆ, ಹಾಳೆಗಳು ಒಂದಕ್ಕೊಂದು ತಾಗದಂತೆ ನಡುವೆ ಗಾಜಿನಷ್ಟೇ ದಪ್ಪದ ಅಂಗಿಯ ಗುಂಡಿ ಇಟ್ಟು ಮೀಟರಿನ ಅಂಕಿ ಓದಿಸಿದಳು. ಆಮೇಲೆ ಗಾಜು ಇಟ್ಟು ಓದಿಸಿದಳು. ಅಂಕಿ ಏರಿ ನಿಂತಿತ್ತು. ಮಕ್ಕಳೆಲ್ಲ ಎದ್ದು ಮೇಜಿನ ಸುತ್ತ ಬಂದರು. ನನಗೆ ಅವಳು ಕಾಣದಾದಳು. ದನಿ ಮಾತ್ರ ಕೇಳುತ್ತಿತ್ತು, ನಿಲ್ಲದೆ.

ಪಾಠ ಮುಗಿದಮೇಲೆ ಹಿರಿಯ ಮೇಷ್ಟ್ರು ವರಾಂಡಕ್ಕೆ ಬಂದರು. "ವಿಭೂತಿ ಹಚ್ಚಿದ್ದು ನೀವೇನಮ್ಮಾ?" ಎಂದರು. ಹೌದೆಂದೆ, ತಲೆ ಎತ್ತದೆ. "ನಾನು ಇಷ್ಟು ವರ್ಷ ಗಾಜು ಮಾತ್ರ ತೋರಿಸ್ದೆ. ಕಟ್ಟಿದ್ದು ಯಾವುದು, ಬಿಟ್ಟಿದ್ದು ಯಾವುದು ಅಂತ ಎರಡನ್ನೂ ಒಟ್ಟಿಗೆ ತೋರಿಸ್ಬೇಕು ಅನ್ನೋದು ಹೊಳೀಲೇ ಇಲ್ಲ" ಎಂದು ಗೌರಿಯ ಕೆನ್ನೆ ಸವರಿ ಹೋದರು. ಹೊಗಳಿದರೋ ಹಾಸ್ಯ ಮಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಹೊಗಳಿದರು ಎಂದೇ ಇಟ್ಟುಕೊಂಡಿದ್ದೇನೆ.

ಬಸ್ಸಿನಲ್ಲಿ ಸವಿತ ಗೌರಿಯನ್ನು ಮಡಿಲಲ್ಲಿ ಮಲಗಿಸಿಕೊಂಡಳು. ಬೈಯಲಿ ಎಂದು ನಾನು ಕಾದೆ. ಊರು ಹತ್ತಿರ ಬಂದಾಗ, "ಅತ್ತೆ, ಅಂಚಿಗೇ ಯಾಕೆ ಹಚ್ಚಿದ್ರಿ?" ಎಂದಳು.

"ನೀನು ನಾಚ್ಕೋತೀಯ ಅಂತ."

ಅವಳು ನಗಲು ಶುರುಮಾಡಿದಳು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕಳು.

ಕೆಲಸ ಸಿಕ್ಕಿತು. ದೊಡ್ಡದೇನಲ್ಲ; ವಾರದಲ್ಲಿ ಮೂರು ದಿನ, ಅದೂ ಸದ್ಯಕ್ಕೆ. ಪುಸ್ತಕಗಳು ಅಟ್ಟದಿಂದ ಇಳಿದು ದೇವರ ಗೂಡಿನ ಪಕ್ಕದ ಕಪಾಟಿಗೆ ಬಂದಿವೆ. ಮಕ್ಕಳಿಗೆ ಮತ್ತೆ ಮತ್ತೆ ತೋರಿಸಬೇಕೆಂದು ಗಾಜು ಕಾಲೇಜಿನ ಲ್ಯಾಬಿನಲ್ಲೇ ಉಳಿಯಿತು. ಬೇರೆ ಗಾಜು ಹಾಕಿಸುತ್ತೇನೆ ಎಂದು ನಾಗರಾಜ ಆಗಾಗ ಹೇಳುತ್ತಾನೆ. ನಾನೇ ಬೇಡವೆನ್ನುತ್ತೇನೆ. ಗಾಜಿಲ್ಲದ ಮೇಲೆ ಕುಂಕುಮವನ್ನು ನೇರವಾಗಿ ಪಾರ್ವತಿಯ ಹಣೆಗೇ ಇಡಬಹುದು. ಅದೂ ಒಂದು ಭಾಗ್ಯ.

ಕಾಲೇಜಿನ ದಿನ ಬೆಳಿಗ್ಗೆ ಸವಿತ ತಾನೇ ಬ್ಯಾಗು ತಂದು ನನ್ನ ಮುಂದೆ ಹಿಡಿಯುತ್ತಾಳೆ.

"ಅತ್ತೆ, ಹೊರಗಡೆ ಹಚ್ಚಿ."

"ಗೊತ್ತು ಕಣಮ್ಮ."

"ಒಣಗಿರೋದು."

"ಅದೂ ಗೊತ್ತು."

ಮೂರು ಬೆರಳು ಎಳೆಯುತ್ತೇನೆ. ಅವಳು ಬಸ್ಸು ಹತ್ತುವವರೆಗೆ ಗೌರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆಬದಿಯಲ್ಲಿ ನಿಲ್ಲುತ್ತೇನೆ. ಬಸ್ಸು ಹೊರಟರೆ ಮಗು ಎರಡೂ ಕೈ ಚಾಚಿ ಆ ಕಡೆಗೇ ಜಗ್ಗುತ್ತದೆ. ನಾನು ತೋಳು ಬಿಗಿ ಮಾಡುತ್ತೇನೆ. ಬಸ್ಸು ತಿರುವಿನಲ್ಲಿ ಮರೆಯಾದಮೇಲೆ ನೋಡಿಕೊಂಡರೆ, ನಿಂತ ಜಾಗ ಬಿಡದೆ ನಾನೂ ಅತ್ತಲೇ ವಾಲಿಕೊಂಡಿರುತ್ತೇನೆ.